ಏಕೆಂದು ಕೇಳದ ಅಪ್ಪ

ಬೇರೆಯವರ ಜೇಬಿಗೆ ಕೈ ಹಾಕುವಾಗ ನಮ್ಮ ಬೀದಿಯ ಲಾಂಡ್ರಿಯಣ್ಣನವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಒಗೆಯಲು ಬಂದ ಕೋಟು, ಷರಾಯಿಗಳ ಜೇಬುಗಳನ್ನು ಬರಿದು ಮಾಡದೆ ಯಂತ್ರಕ್ಕೆ ಹಾಕುವಂತಿಲ್ಲ. ಹಾಗೆಂದು ಅವುಗಳಲ್ಲಿ ಏನಿದೆಯೆಂದು ನೋಡುವುದೂ ಸಲ್ಲದು ಎಂಬುದು ಅವರ ನೇಮ. ಚೀಟಿಯಿರಲಿ, ಬಾಚಣಿಗೆಯಿರಲಿ, ಯಾರದೋ ಭಾವಚಿತ್ರವಿರಲಿ, ಬೆರಳಿಗೆ ಸಿಕ್ಕಿದ್ದನ್ನು ಹಾಗೆಯೇ ಒಂದು ಲಕೋಟೆಗೆ ಇಳಿಸಿ, ಬಾಯಿಗೆ ಪಿನ್ನು ಹೊಡೆದು, ಬಟ್ಟೆಯ ಜೊತೆಗೆ ಹಿಂದಿರುಗಿಸುವರು. ಒಮ್ಮೆ ನನ್ನ ಕೋಟಿನ ಜೇಬಿನಲ್ಲಿದ್ದ ಅರ್ಧ ಚೀಪಿದ ಪೆಪ್ಪರಮಿಂಟು ಕೂಡ ಹೀಗೆ ಗೌರವಪೂರ್ವಕವಾಗಿ ಮರಳಿ ಬಂದಿತ್ತು.

“ಇದನ್ನ ಎಸೆಯಬಾರದಿತ್ತೇನಪ್ಪ?” ಎಂದೆ.

“ಏನಿತ್ತು ಅಂತ ನನಗೇನು ಗೊತ್ತು ಮೇಷ್ಟ್ರೇ? ಎಸೆಯೋದು ಬಿಡೋದು ನಿಮ್ಮಿಷ್ಟ.”

ಆ “ನಿಮ್ಮಿಷ್ಟ” ಅವರ ಮಾತಿಗೆಲ್ಲ ಪೂರ್ಣವಿರಾಮ. ವರ್ಷಾನುಗಟ್ಟಲೆ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಬಲಭುಜ ಇಳಿದುಹೋಗಿದ್ದುದರಿಂದ, ಬೀದಿಯಲ್ಲಿ ಯಾರಿಗೋ ದಾರಿ ಬಿಡುತ್ತಿರುವವರಂತೆ ಸದಾ ಒಂದು ಪಕ್ಕಕ್ಕೆ ಸರಿದು ನಡೆಯುವರು. ತಾವು ತೊಡುವ ಅಂಗಿಗಳಿಗೆ ಜೇಬೇ ಇಲ್ಲದಂತೆ ಹೊಲಿಸಿಕೊಂಡಿದ್ದರು.

ಇದರ ಬೇರು ಅವರ ಬಾಲ್ಯದಲ್ಲಿತ್ತು. ಅವರ ತಂದೆ ಬಿಡಿಗಾಸು ಕೊಡುವ ಮೊದಲೂ ಮಗನನ್ನು ಎದುರು ನಿಲ್ಲಿಸಿ ಏಕೆ, ಎಲ್ಲಿ, ಅದಿಲ್ಲದಿದ್ದರೆ ಆಗದೇ ಎಂದು ವಿಚಾರಣೆ ನಡೆಸುವವರು. ಹದಿನೈದರ ವಯಸ್ಸಿನಲ್ಲಿ, ಹೇಳಿಕೊಳ್ಳಲಾಗದ ಜಾಗದಲ್ಲಿ ಎದ್ದ ಗುಳ್ಳೆಗೆ ಮುಲಾಮು ಬೇಕಾದಾಗ, ಮನೆಗೆ ಬಂದಿದ್ದ ನೆಂಟರೆಲ್ಲರ ಮುಂದೆ ಆ ವಿಚಾರಣೆ ನಡೆದು, ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇದನ್ನು ಹೇಳುವಾಗ ಲಾಂಡ್ರಿಯಣ್ಣನವರೂ ನಗುತ್ತಿದ್ದರು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಮಾತ್ರ ಇದ್ದಲ್ಲೇ ನಿಂತುಬಿಡುತ್ತಿತ್ತು.

ತಾಯಿಯಿಲ್ಲದ ಒಬ್ಬಳೇ ಮಗಳಿಗೆ ಹದಿನಾರು ತುಂಬಿದ ದಿನ, ತಮ್ಮ ಖಾತೆಗೇ ಸೇರಿಸಿ ಅವಳಿಗೊಂದು ಕ್ರೆಡಿಟ್ ಕಾರ್ಡು ಮಾಡಿಸಿದರು. ಚಿಕ್ಕ ವಯಸ್ಸು, ಖರ್ಚಿಗೊಂದು ಮಿತಿ ಹಾಕಿಸಿ ಎಂದು ಬ್ಯಾಂಕಿನವರು ಹೇಳಿದರೆ ಬೇಡವೆಂದರು. ಕಾರ್ಡನ್ನು ಮಗಳ ಅಂಗೈಯಲ್ಲಿಟ್ಟು, “ಇನ್ನು ನನ್ನ ಮುಂದೆ ನೀನು ಕೈ ಚಾಚಬೇಕಾಗಿಲ್ಲ ಪುಟ್ಟಿ. ಯಾಕೆ ಅಂತ ನಾನು ಯಾವತ್ತೂ ಕೇಳಲ್ಲ, ಇದು ನನ್ನ ಮಾತು” ಎಂದರು.

ಅಂಗಡಿಯ ಮೇಲಿನ ಮಹಡಿಯ ಮನೆಯಲ್ಲಿದ್ದು ಅಡುಗೆ ನೋಡಿಕೊಳ್ಳುತ್ತಿದ್ದ ಅವರ ಅಕ್ಕ ಅಂಗಡಿಗೇ ಇಳಿದು ಬಂದು ಹರಿಹಾಯ್ದರು. “ತಲೆ ನೆಟ್ಟಗಿದೆಯೇನೋ ನಿನಗೆ? ತಿಂಗಳು ತುಂಬೋದರೊಳಗೆ ಅಂಗಡಿ ಮಾರಿಸ್ತಾಳೆ ನೋಡ್ತಿರು!”

ಹುಡುಗಿ ಅಂಗಡಿ ಮಾರಿಸಲಿಲ್ಲ. ಅವಳ ಖರ್ಚು ಮೊದಲು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. ನಿಂತುಹೋದದ್ದು ಬೇರೆಯೇ. ಅದುವರೆಗೆ ಪ್ರತಿ ಸಂಜೆ ಕಾಲೇಜಿನಿಂದ ಬಂದವಳು, ಮರುದಿನದ ಖರ್ಚಿಗೆ ಕೇಳಲೆಂದು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಅಪ್ಪ ಕೈಯಲ್ಲಿನ ಅಂಗಿ ಮುಗಿಸುವವರೆಗೂ ಕಾಲಾಡಿಸುತ್ತ ತರಗತಿಯ ಕಥೆಯನ್ನೆಲ್ಲ ಒದರುತ್ತಿದ್ದಳು. ಈಗ ಕೇಳುವುದೇನೂ ಇರಲಿಲ್ಲವಾದ್ದರಿಂದ ನೇರ ಮಹಡಿ ಹತ್ತುತ್ತಿದ್ದಳು. ಸ್ಟೂಲಿನ ಮೇಲೆ ಇಸ್ತ್ರಿಯಾದ ಬಟ್ಟೆಯ ಗಂಟುಗಳು ಕೂತವು.

ಮಗಳು ಕಾರ್ಡು ಬಳಸಿದಾಗಲೆಲ್ಲ ಅಂಗಡಿಯ ಹೆಸರಿನೊಂದಿಗೆ ಅಪ್ಪನ ಮೊಬೈಲಿಗೆ ಸಂದೇಶ ಬರುತ್ತಿತ್ತು. ಮೊದಮೊದಲು, “ನೋಡಿ ಮೇಷ್ಟ್ರೇ, ಪುಸ್ತಕದ ಅಂಗಡಿ!” ಎಂದು ನನಗೇ ತೋರಿಸಿ ಬೀಗುತ್ತಿದ್ದರು. ಆಮೇಲೆ ತರಗತಿ ನಡೆಯುವ ಹೊತ್ತಿನಲ್ಲಿ ಸಿನಿಮಾ ಮಂದಿರದ ಹೆಸರು ಬಂತು. ಮರುದಿನ ಬೆಳಗಿನಲ್ಲೇ ಬಸ್ ನಿಲ್ದಾಣದ ಕಾಫಿ ಅಂಗಡಿ. ಅದರ ಮರುದಿನವೂ ಅದೇ. ಅವರು ಮೊಬೈಲನ್ನು ಬೋರಲು ಹಾಕಿಡುವುದನ್ನು ಕಲಿತರು.

“ಕೇಳೋ! ಬಾಯಿಲ್ವಾ ನಿನಗೆ?” ಎಂದರು ಆ ಸಂದೇಶಗಳನ್ನು ಕಂಡ ಅಕ್ಕ.

“ಕೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಅಕ್ಕ.”

“ಮಾತು ಕೊಟ್ಟೋನು ನೀನು, ಹಾಳಾಗೋದು ಅವಳು. ಚೆನ್ನಾಗಿದೆ ನಿನ್ನ ನ್ಯಾಯ. ಹೋಗಲಿ, ನಾನೇ ಕೇಳ್ತೀನಿ.”

“ನಮ್ಮಪ್ಪನ ಹಾಗೆ ಈ ಮನೆಯಲ್ಲಿ ಯಾರೂ ಕೇಳಕೂಡದು!”

ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಕ್ಕ ಸೆರಗು ಕೊಡವಿ ಮೇಲೆ ಹೋದರು. ಮತ್ತೆ ಆ ಮಾತೆತ್ತಲಿಲ್ಲ.

ಒಂದು ಮಧ್ಯಾಹ್ನ ಬಂದ ಸಂದೇಶ ಎಳೆಮಕ್ಕಳ ಉಡುಪಿನ ಅಂಗಡಿಯದು. ಅದನ್ನೋದುತ್ತ ಲಾಂಡ್ರಿಯಣ್ಣನವರು ಇಸ್ತ್ರಿಪೆಟ್ಟಿಗೆಯನ್ನು ಎತ್ತುವುದನ್ನೇ ಮರೆತರು. ಯಾರದೋ ಮದುವೆಯ ರೇಷ್ಮೆ ಅಂಗಿಯ ಕಾಲರು ಅವರ ಕೈಕೆಳಗೇ ಕಮರಿಹೋಯಿತು. ಆ ಸಂಜೆ ಮಗಳು ಎಂದಿನಂತೆ ಮೇಲೆ ಹೋಗದೆ, ಪುಟಾಣಿ ಹಳದಿ ಅಂಗಿಯೊಂದು ಇಣುಕುತ್ತಿದ್ದ ಕೈಚೀಲ ಹಿಡಿದು ಕೌಂಟರಿನ ಮುಂದೆ ಒಂದಷ್ಟು ಹೊತ್ತು ನಿಂತಳು. ಅವರು ಸುಟ್ಟ ಕಾಲರನ್ನೇ ನೋಡುತ್ತ, “ಊಟ ಮಾಡು ಹೋಗಮ್ಮ” ಎಂದರು.

ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನಿಂದ ಕರೆ ಬಂತು. ಹುಡುಗಿ ತಿಂಗಳುಗಳಿಂದ ತರಗತಿಗೆ ಹೋಗಿಲ್ಲ, ಈ ವರ್ಷ ಪರೀಕ್ಷೆಗೆ ಕೂರಿಸಲಾಗದು ಎಂದರು. ಅವಳು ಕೆಳಗಿಳಿದು ಬಂದಾಗ ಅಂಗಡಿಯಲ್ಲೇ ಕೂತಿದ್ದ ನಾನು ಎದ್ದು ಹೋಗಲು ನೋಡಿದೆ; ಲಾಂಡ್ರಿಯಣ್ಣ ನನ್ನ ಮುಂಗೈ ಹಿಡಿದುಕೊಂಡರು.

“ಗಣಿತ ತಲೆಗೆ ಹತ್ತಲಿಲ್ಲ. ಒಂದು ಸಲ ಹಿಂದೆ ಬಿದ್ದೆ, ಆಮೇಲೆ ಒಳಗೆ ಹೋಗೋಕೇ ಭಯ ಆಯ್ತು” ಎಂದಳು ಅವಳು. ಆಮೇಲೆ, “ನಿನಗೆ ಗೊತ್ತಿತ್ತಲ್ಲ ಅಪ್ಪ. ಆ ಹೊತ್ತಲ್ಲಿ ಸಿನಿಮಾ ಟಿಕೆಟ್ ತಗೊಂಡಿದ್ದು ಬೇಕಂತಲೇ. ಕೇಳ್ತೀಯಾ ಅಂತ ಕಾದೆ.”

“ನಿನ್ನ ಮೇಲೆ ನಂಬಿಕೆ ಇಟ್ಟಿದ್ದೆ ಕಣಮ್ಮ.”

“ನೀನು ಕೇಳಲಿ ಅಂತಲೇ ಪಾಪುವಿನ ಅಂಗಿ ತಂದೆ, ಆಗಲೂ ಕೇಳಲಿಲ್ವಲ್ಲ ಅಪ್ಪ! ನಮ್ಮ ಮನೆಯಲ್ಲಿ ಯಾವ ಪಾಪು ಇದೆ?”

ಯಂತ್ರದಲ್ಲಿ ಯಾರದೋ ಹೊದಿಕೆ ಸುತ್ತುತ್ತಿತ್ತು. ಅವಳು ಕಾರ್ಡನ್ನು ಕೌಂಟರಿನ ಮೇಲಿಟ್ಟು ಮಹಡಿ ಹತ್ತಿದಳು.

ಈಗವಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಯಾವುದೋ ಕಸುಬು ಕಲಿಯುತ್ತಿದ್ದಾಳೆ. ಅಪ್ಪ ಸಂಜೆ ಫೋನು ಮಾಡಿ ಕೇಳುತ್ತಾರೆ: ಊಟ ಆಯ್ತಾ, ಗೆಳತಿಯರು ಸಿಕ್ಕಿದರಾ, ಪಾಠ ಕಷ್ಟವಾ. ಮುಪ್ಪಿನಲ್ಲಿ ಸೈಕಲ್ ಕಲಿಯುವವರಂತೆ ಪ್ರತಿ ಪ್ರಶ್ನೆಗೂ ತಡವರಿಸುತ್ತಾರೆ. ಆ ಕಡೆಯಿಂದ ಆಯ್ತು, ಹೂಂ, ಇಲ್ಲ ಎಂಬುದಷ್ಟೇ ಬರುತ್ತದೆ. ಅವಳು ಮುನಿದಿದ್ದಾಳೆಂದಲ್ಲ, ಹೇಳುವ ರೂಢಿ ತಪ್ಪಿಹೋಗಿದೆ.

ಹದಿಹರೆಯದವರಿಗೆ ಕ್ರೆಡಿಟ್ ಕಾರ್ಡು ಕೊಡಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಜನ ಖರ್ಚಿನ ಲೆಕ್ಕ ಹಾಕುವುದನ್ನು ಕೇಳುತ್ತೇನೆ. ನನಗೆ ನೆನಪಾಗುವುದು ಲಾಂಡ್ರಿಯಣ್ಣನವರು. ಎಳವೆಯಲ್ಲಿ ಪ್ರಶ್ನೆಗಳಿಂದ ಗಾಯಗೊಂಡವರದೇ ಒಂದು ವರ್ಗ. ತಮ್ಮನ್ನು ಚುಚ್ಚಿದ್ದು ಪ್ರಶ್ನೆಯಲ್ಲ, ಕೇಳಿದವರ ದನಿ ಎಂಬುದನ್ನು ಅರಿಯದೆ ಅವರು ಪ್ರಶ್ನೆಯನ್ನೇ ಮನೆಯಿಂದ ಹೊರಗೆ ಹಾಕುತ್ತಾರೆ. ಕೇಳದಿರುವುದೇ ವಾತ್ಸಲ್ಯವೆಂದು, ಅದೂ ದೊಡ್ಡ ತ್ಯಾಗವೆಂದು ನಂಬಿ ತುಟಿ ಕಚ್ಚಿಕೊಂಡು ಬದುಕುತ್ತಾರೆ. ಅಂಥವರ ಮಕ್ಕಳಿಗೆ ಯಾವ ಕೊರತೆಯೂ ಇರುವುದಿಲ್ಲ. ಕೇಳುವವರೊಬ್ಬರಿಗಾಗಿ ಕಾದು ಕಾದು, ಕೊನೆಗೊಂದು ದಿನ ಆ ಮಕ್ಕಳು ಕಾಯುವುದನ್ನೇ ಬಿಟ್ಟುಬಿಡುತ್ತಾರೆ. ದೊಡ್ಡವರು ಅದನ್ನು ಮಕ್ಕಳ ಸಮಾಧಾನವೆಂದು ಭಾವಿಸುತ್ತಾರೆ.