ತೇಲುತ್ತೋ, ಮುಳುಗುತ್ತೋ

ಶಿಕ್ಷಕರ ಕೋಣೆಯಲ್ಲಿ ಬಕೆಟ್ ತುಂಬ ನೀರಿಟ್ಟುಕೊಂಡು ಅವಳು ಕಿತ್ತಳೆಹಣ್ಣನ್ನು ಮುಳುಗಿಸಿ ನೋಡುತ್ತಿದ್ದಳು. ತನ್ನ ದೇಶ ಬಿಟ್ಟು ಇಲ್ಲಿಗೆ ಸಂಬಳವಿಲ್ಲದೆ ವಿಜ್ಞಾನ ಕಲಿಸಲು ಬಂದವಳು. ದಿನವೂ ಬಕೆಟ್ಟಿನಲ್ಲಿ ಏನಾದರೊಂದು ಹೊತ್ತು ತರುತ್ತಿದ್ದಳಾದ್ದರಿಂದ ಮಕ್ಕಳ ಬಾಯಲ್ಲಿ ಆಗಲೇ ಬಕೆಟ್ ಮೇಡಂ ಆಗಿದ್ದಳು.

“ಪಾಠಕ್ಕೋ, ಜ್ಯೂಸಿಗೋ?” ತರಗತಿಯ ಮೇಷ್ಟ್ರು ಕಿಚಾಯಿಸಿದರು.

“ಪಾಠಕ್ಕೇ ಸಾರ್. ಹಣ್ಣು ತೇಲುತ್ತೋ ಮುಳುಗುತ್ತೋ, ಮಕ್ಕಳು ಮೊದಲು ಊಹಿಸಬೇಕು. ಆಟದ ಹಾಗಿರುತ್ತೆ.”

ಆಟವಂತೆ ಆಟ. ತರಗತಿಯಲ್ಲಿ ಎಲ್ಲರೂ ಮುಳುಗುತ್ತದೆ ಎಂದರು. ಒಬ್ಬ ಹುಡುಗಿ ಮಾತ್ರ ತೇಲುತ್ತದೆ ಎಂದಳು. ಹಣ್ಣು ತೇಲಿತು. ಮೇಡಂ ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ ಹುಡುಗಿ ಎದ್ದು, ಸಾಲಾಗಿ ಒಬ್ಬೊಬ್ಬರ ಕೆನ್ನೆಗೆ ಬಾರಿಸುತ್ತಾ ಬಂದಳು. ಕೊನೆಯ ಬೆಂಚಿನಲ್ಲಿ ಅವಳ ಸ್ವಂತ ತಂಗಿ. ಕೈ ಒಂದು ಕ್ಷಣ ತಡೆದು, ಮೆಲ್ಲಗೆ ಬಿತ್ತು.

“ಏನದು, ಸವರ್ತೀಯಾ?” ಮೇಷ್ಟ್ರು ಬಾಗಿಲಿಂದಲೇ ಗದರಿದರು.

ಎರಡನೆಯ ಏಟಿಗೆ ಪುಟ್ಟ ತಂಗಿಯ ತುಟಿ ಒಡೆದು ರಕ್ತ ಅಂಗಿಯ ಮೇಲೆ ಇಳಿಯಿತು. ಮಗು ಅಳಲೂ ಇಲ್ಲ. ಮೇಡಂಗೆ ಮೈಯೆಲ್ಲ ಉರಿದುಹೋಯಿತು.

“ಸರಿ ಹೇಳಿದವರು ತಪ್ಪು ಹೇಳಿದವರಿಗೆ ಹೊಡೀಬೇಕು. ಇದು ಇಲ್ಲಿನ ಕ್ರಮ,” ಮೇಷ್ಟ್ರು ಆಮೇಲೆ ಶಾಂತವಾಗಿಯೇ ಹೇಳಿದರು. “ನಾನೂ ಹೀಗೇ ಕಲಿತವನು. ನೀವು ಇವತ್ತಲ್ಲ ನಾಳೆ ವಿಮಾನ ಹತ್ತೋರು ಮೇಡಂ. ಇಷ್ಟು ಮಕ್ಕಳನ್ನ ಒಬ್ಬನೇ ಹೇಗೆ ಹಿಡಿದಿಡಲಿ?”

“ಹೊಡೆತಕ್ಕೆ ಹೆದರಿದ ಮಗು ಊಹೆ ಮಾಡೋಕೇ ಬಾಯಿ ಬಿಡಲ್ಲ ಸಾರ್. ಊಹೆನೇ ಇಲ್ಲ ಅಂದ್ಮೇಲೆ ಏನು ವಿಜ್ಞಾನ?”

ಅವಳ ಮಾತೇ ನಿಜವಾಯಿತು. ಮರುದಿನ ಸಿಪ್ಪೆ ಸುಲಿದ ಹಣ್ಣು ಹಿಡಿದು ಕೇಳಿದರೆ ತರಗತಿ ಪಿಟಕ್ಕೆನ್ನಲಿಲ್ಲ. ಅವಳು ಪಾಠ ಬದಲಿಸಿದಳು. “ಇವತ್ತು ಮೊದಲು ಮೇಷ್ಟ್ರು ಹೇಳಲಿ.” ತಪ್ಪಿದರೆ ಅವರೇ ನಕ್ಕು ಈ ಕ್ರಮ ಕೈಬಿಡುತ್ತಾರೆ ಎಂದು ಅವಳ ಎಣಿಕೆ.

“ಸಿಪ್ಪೆ ಹೋಯ್ತು, ಹಗುರಾಯ್ತು. ತೇಲದೆ ಏನು ಮಾಡುತ್ತೆ?” ಎಂದರು ಮೇಷ್ಟ್ರು.

“ಮುಳುಗುತ್ತೆ,” ಊದಿದ ತುಟಿಯ ತಂಗಿ ಮೆಲ್ಲಗೆ ಹೇಳಿದಳು.

ಮುಳುಗಿತು. ತಂಗಿ ಎದ್ದಳು. ಅವಳು ತನ್ನ ಕಡೆಗೇ ಬರುತ್ತಿದ್ದಾಳೆಂದು ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಮಗು ಬೆಂಚು ಹತ್ತಿ, ಇದ್ದ ಬಲವನ್ನೆಲ್ಲ ಹಾಕಿ ಅವರ ಕೆನ್ನೆಗೆ ಬಿಗಿಯಿತು. ಕನ್ನಡಕ ಹಾರಿ ನೆಲಕ್ಕೆ ಬಿದ್ದು ಒಡೆಯಿತು. ಹೀಗಾದೀತೆಂದು ಮೇಡಂ ಅಂದುಕೊಂಡಿರಲಿಲ್ಲ.

ಮೇಷ್ಟ್ರ ಕೈ ತಾನಾಗಿ ಮೇಲೆದ್ದಿತು. ತಂಗಿ ಓಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಏಟು ಬೀಳಲು ಅನುಕೂಲವಾಗುವಂತೆ ಕೆನ್ನೆ ಚಾಚಿ ನಿಂತಳು.

ಆ ಚಾಚಿದ ಕೆನ್ನೆಯನ್ನು ಮೇಷ್ಟ್ರು ನೋಡಿದರು. ಎತ್ತಿದ ಕೈಯನ್ನು ಬಕೆಟ್ಟಿಗೆ ಇಳಿಸಿ ತಳದಲ್ಲಿದ್ದ ಹಣ್ಣನ್ನು ತೆಗೆದರು.

“ಕಣ್ಣು ಬಿಡಮ್ಮ,” ಎಂದರು. “ಇದು ಯಾಕೆ ಮುಳುಗ್ತು? ನಂಗೆ ಗೊತ್ತಾಗ್ಲಿಲ್ಲ. ನೀನು ಹೇಳು. ತಪ್ಪಾದ್ರೂ ಪರವಾಗಿಲ್ಲ.”