ನಿಂಗಕ್ಕನ ಎಡಗಣ್ಣಿನ ರೆಪ್ಪೆ

ಮಾಡದಕೆರೆಯ ನಿಂಗಕ್ಕನ ಎಡಗಣ್ಣು ಟಗರೊಂದರ ಕೊಂಬಿಗೆ ಸಿಕ್ಕಿ ಹೋಗಿತ್ತು. ಡಾಕ್ಟರು ಒಡೆದ ಗುಡ್ಡೆ ತೆಗೆದು, ಗಾಯ ಮಾಗಿದ ಮೇಲೆ ಕೃತಕ ಕಣ್ಣು ಕೂರಿಸಿದ್ದರು. ಬಣ್ಣ, ಹೊಳಪು ಎಲ್ಲ ಬಲಗಣ್ಣಿನಂತೆಯೇ. ಆದರೆ ವರ್ಷ ಕಳೆದಂತೆ ಮೇಲಿನ ರೆಪ್ಪೆ ಜೋತುಬಿದ್ದು, ಆ ಕಣ್ಣು ಅರ್ಧ ಮುಚ್ಚಿಹೋಯಿತು.

ಹಿರಿಯೂರಿನ ಕುರಿ ಸಂತೆಯಲ್ಲಿ ತನ್ನ ಮರಿಗಳನ್ನು ಅವಳೇ ಮಾರುತ್ತಿದ್ದಳು. ಒಂದು ದಿನ ದಲ್ಲಾಳಿ ಪರಮೇಶ್ ಅವಳ ಮುಖ ನೋಡಿ ನಕ್ಕು, ಜೊತೆಗೆ ಬಂದಿದ್ದ ಅವಳ ಅಣ್ಣ ಗುಡ್ಡಪ್ಪನ ಕಡೆ ತಿರುಗಿದ.

"ನಿನ್ ತಂಗಿ ನಿಂತಲ್ಲೇ ತೂಕಡಿಸ್ತಾಳಲ್ಲಪ್ಪ. ವ್ಯಾಪಾರ ನೀನೇ ಮಾತಾಡು."

ಗುಡ್ಡಪ್ಪ ಬಾಯಿ ತೆರೆಯುವ ಮೊದಲೇ ನಿಂಗಕ್ಕ ಮರಿಗಳ ಹಗ್ಗ ಬಿಚ್ಚಿದಳು. ಒಂದನ್ನೂ ಮಾರದೆ ಎಲ್ಲವನ್ನೂ ಲಗೇಜ್ ಆಟೊಗೆ ಹತ್ತಿಸಿ ವಾಪಸ್ ತಂದಳು.

"ರೆಪ್ಪೆ ಎತ್ತಿಸ್ಕಂತೀನಿ," ಎಂದಳು ಮನೆಗೆ ಬಂದವಳೇ.

"ಕಾಣದ ಕಣ್ಣಿಗೆ ಆಪರೇಷನ್ ಯಾಕವ್ವ? ರೆಪ್ಪೆ ಎತ್ತಿದ್ರೆ ಕಾಣ್ತೈತಾ?"

"ಕಾಣಾದು ಬ್ಯಾಡ. ಇದು ನನ್ ಮಖ ಕಣಣ್ಣ. ನಂಗೆ ಹೆಂಗ್ ಬೇಕೋ ಹಂಗಿರ್ಬೇಕು."

ಚಿತ್ರದುರ್ಗಕ್ಕೆ ಒಬ್ಬಳೇ ಬಸ್ಸು ಹತ್ತಿದಳು. ಡಾಕ್ಟರ್ ಶಿವಗಂಗಾ ಮೊದಲು ತುಸು ದಪ್ಪನೆಯ ಕೃತಕ ಕಣ್ಣು ಹಾಕಿಸಿ ನೋಡಿದರು. ಅದರ ಭಾರಕ್ಕೆ ಕೆಳರೆಪ್ಪೆ ಇಳಿಬಿತ್ತೇ ಹೊರತು ಮೇಲಿನದು ಏಳಲಿಲ್ಲ. ಕೊನೆಗೆ ಹಳೆಯ ಕಣ್ಣನ್ನೇ ಇಟ್ಟು, ರೆಪ್ಪೆ ಎತ್ತುವ ಸ್ನಾಯುವನ್ನು ಬಿಗಿ ಮಾಡುವುದೆಂದಾಯಿತು.

ರೆಪ್ಪೆಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು. ಹೊಲಿಗೆ ಬಿಗಿಯುವ ಮುನ್ನ ಅವಳನ್ನು ಎಬ್ಬಿಸಿ ಕೂರಿಸಿ, ಕಣ್ಣು ಬಿಡಲು ಹೇಳಿ, ಕನ್ನಡಿ ಹಿಡಿದರು.

"ಸಮ ಐತಾ ನೋಡಮ್ಮ."

"ಇನ್ನೊಂಚೂರು ಎತ್ರಿ, ಮೇಡಂ."

"ಜಾಸ್ತಿ ಎತ್ತಿದ್ರೆ ಮಲಗಿದಾಗ ಮುಚ್ಚಲ್ಲಮ್ಮ. ಒಳಗಿನ ಪಸೆ ಒಣಗ್ತೈತೆ."

"ಮುಚ್ಚದಿದ್ರೆ ಬಿಡ್ರಿ. ಇಷ್ಟು ವರ್ಷ ಮುಚ್ಕಂಡೇ ಇತ್ತಲ್ಲ, ಸಾಲ್ದಾ?"

ಡಾಕ್ಟರು ಮಾಸ್ಕಿನೊಳಗೇ ನಕ್ಕು, ಕೂದಲೆಳೆಯಷ್ಟು ಎತ್ತಿ ಅಲ್ಲಿಗೇ ನಿಲ್ಲಿಸಿದರು.

ಬಾವು ಇಳಿಯಲು ವಾರಗಳೇ ಹಿಡಿದವು. ಎಡರೆಪ್ಪೆ ಬಲದ್ದಕ್ಕಿಂತ ಒಂದೆಳೆ ತಗ್ಗಾಗಿಯೇ ಉಳಿಯಿತು. ಮಲಗಿದಾಗ ಸಣ್ಣ ಸಂದು ಬಿಡುತ್ತಿತ್ತು, ಅದಕ್ಕೊಂದು ಮುಲಾಮು. ನಿಂಗಕ್ಕ ಅದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಯ ಸಲ ತೋರಿಸಲು ಹೋದಾಗ ಗುಡ್ಡಪ್ಪನೂ ಜೊತೆಗಿದ್ದ. ಬಸ್ ನಿಲ್ದಾಣದಲ್ಲಿ ಅವಳಿಗೆಂದು ಕರಿ ಕನ್ನಡಕ ಕೊಂಡು ತಂದ.

"ಹಾಕ್ಕಳವ್ವ. ಜನ ದಿಟ್ಟಿಸಿ ನೋಡ್ತಾರೆ."

"ನೋಡ್ಲಿ. ನಾನೂ ಅವರನ್ನ ನೋಡ್ತೀನಿ. ಬಿಸಿಲಿಗೆ ಕಣ್ ಕಿರಿದು ಮಾಡಾನು ನೀನು, ನೀನೇ ಹಾಕ್ಕ."

ಗುಡ್ಡಪ್ಪ ಮುಜುಗರದಿಂದಲೇ ಹಾಕಿಕೊಂಡ. ಊರ ಕಡೆ ಹೋಗುವ ಹೊಸದುರ್ಗದ ಬಸ್ಸು ಬಂತು. ಹಿಂದಿನ ಸೀಟಿನತ್ತ ನಡೆದಿದ್ದ ಅಣ್ಣನ ತೋಳು ಹಿಡಿದೆಳೆದ ನಿಂಗಕ್ಕ, ಹತ್ತುವ ಪ್ರತಿಯೊಬ್ಬರಿಗೂ ಮುಖ ಕಾಣುವಂತೆ ಬಾಗಿಲ ಎದುರಿನ ಸೀಟಿನಲ್ಲಿ ಕುಳಿತಳು.