ಉತ್ತರದಲ್ಲಿ ಚುಕ್ಕೆಯಿಲ್ಲ

ಸಂಗ್ರಹಾಲಯದ ಇರುವೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸತ್ತ ಇರುವೆಗಳಿಗೆ ಸೂಜಿ ಚುಚ್ಚಿದ್ದು ಒಂದು ಕಾರಣ. ಬದುಕಿದ್ದವರನ್ನೂ ಚುಚ್ಚದೆ ಬಿಡುತ್ತಿರಲಿಲ್ಲ ಎಂಬುದು ಇನ್ನೊಂದು. ಯಾರಾದರೂ ಚೀಟಿಯಲ್ಲಿ ದಿನಾಂಕ ತಪ್ಪಿದರೆ ಸಾಕು, ಅವರ ಜಾತಕವನ್ನೇ ಜಾಲಾಡುತ್ತಿದ್ದಳು. ತಾನು ಮಾತ್ರ ತಪ್ಪುವವಳಲ್ಲ ಎಂಬ ಜಂಬ ಮೈತುಂಬ ಇತ್ತು.

ಆ ಸೋಮವಾರ ಅವಳ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಅತ್ತಿಗೆ ಬಂದು ಕೂತಿದ್ದರು. ಸೂಜಿಯ ಅಣ್ಣ ಈ ವಿಭಾಗಕ್ಕೆ ಮರುಭೂಮಿಯಿಂದ ಇರುವೆ ಹಿಡಿದು ತರುವವನು. ಶುಕ್ರವಾರ ವಾಪಸು ಬರಬೇಕಿದ್ದವನ ಸುಳಿವೇ ಇರಲಿಲ್ಲ. ಒಬ್ಬನೇ ಹೋಗಿದ್ದ. ಜೀಪಿನಲ್ಲಿ ಹತ್ತು ದಿನಕ್ಕಾಗುವಷ್ಟು ನೀರು ತುಂಬಿಸಿಕೊಂಡಿದ್ದ. ಇವತ್ತು ಒಂಬತ್ತನೆಯ ದಿನ.

ಹಿಂದಿನ ದಿನ ಹುಡುಕುವ ತಂಡದ ಅಧಿಕಾರಿ ಬಂದು, "ಕೊನೇ ಸಲ ಎಲ್ಲಿದ್ರು ಅಂತ ಗೊತ್ತಾ?" ಎಂದು ಕೇಳಿದ್ದರು. ಸೂಜಿ ದಾಖಲೆ ಪುಸ್ತಕ ತೆರೆದು, ಕಡ್ಡಿ ಮುರಿದಂತೆ ಹೇಳಿದ್ದಳು: "ದಕ್ಷಿಣದ ಮರಳುದಿಬ್ಬ. ಬುಧವಾರ ಯಾವುದೋ ಲಾರಿಯವರ ಕೈಲಿ ಒಂದು ಸೀಸೆ ಕಳಿಸಿದ್ದಾನೆ, ಗೇಟಲ್ಲಿ ಕೊಟ್ಟು ಹೋದ್ರಂತೆ. ಅದರಲ್ಲಿರೋದು ಗಡ್ಡದಿರುವೆ ಸರ್. ಮರಳು ಬಿಟ್ಟು ಬೇರೆಲ್ಲೂ ಬದುಕಲ್ಲ." ಗೋಡೆಯ ನಕ್ಷೆಯಲ್ಲಿ ದಕ್ಷಿಣದ ತುಂಬ ಇರುವೆ ಸಿಕ್ಕ ಜಾಗಗಳ ಕೆಂಪು ಚುಕ್ಕೆಗಳಿದ್ದವು. ಉತ್ತರದ ಉಪ್ಪು ಬಯಲು ಬಿಳಿಯಾಗಿತ್ತು. ಇವತ್ತು ಬೆಳಗಿನ ಜಾವಕ್ಕೇ ಮೂರು ಗಾಡಿಗಳು ದಕ್ಷಿಣಕ್ಕೆ ಹೊರಟುಹೋಗಿದ್ದವು.

ಸೀಸೆಯೊಳಗಿನ ಚೀಟಿಯಲ್ಲಿ ಅಣ್ಣ ಬರೆದದ್ದು ಮಾತ್ರ ಬೇರೆ. 'ಉತ್ತರ, ಉಪ್ಪು ಬಯಲು' ಎಂದು ಬರೆದು, ಕೆಳಗೆ ಯಾವುದೋ ದಾರಿಯ ಗುರುತು ಕೊಟ್ಟಿದ್ದ. ಸೂಜಿ ಓದಿ ಮೂಗು ಮುರಿದಿದ್ದಳು. ಮರಳಿನ ಇರುವೆ ಉಪ್ಪಿನ ಮೇಲೆ ಯಾಕೆ ಹೋಗುತ್ತದೆ? ಕನ್ನಡಕ ಹಣೆ ಮೇಲಿಟ್ಟುಕೊಂಡೇ ಮನೆಯೆಲ್ಲ ಕನ್ನಡಕ ಹುಡುಕುವ ಆಸಾಮಿ, ಸೀಸೆಗಳನ್ನು ಅದಲುಬದಲು ಮಾಡಿರುತ್ತಾನೆ ಎಂದುಕೊಂಡು ಹೊಸ ಚೀಟಿಯಲ್ಲಿ 'ದಕ್ಷಿಣ' ಎಂದು ಬರೆದು ಹಳೆಯದನ್ನು ಬುಟ್ಟಿಗೆ ಹಾಕಿದ್ದಳು. ಅಧಿಕಾರಿ ಕೇಳಿದಾಗ ಇದನ್ನು ಹೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಅವಳು ತಿದ್ದಿದ್ದು ಅವಳ ಮಟ್ಟಿಗೆ ಮುಗಿದ ಸಂಗತಿ.

"ನೀನಿದ್ದಿದ್ದು ಒಳ್ಳೇದಾಯ್ತು ಕಣೆ," ಎಂದರು ಅತ್ತಿಗೆ. "ಇಲ್ದಿದ್ರೆ ಅಷ್ಟು ದೊಡ್ಡ ಮರುಭೂಮೀಲಿ ಎಲ್ಲಿ ಅಂತ ಹುಡುಕೋರು?"

"ಸುಮ್ನಿರಿ ಅತ್ತಿಗೆ, ಸಂಜೆಯೊಳಗೆ ಸಿಕ್ತಾನೆ. ಬಂದ್ಮೇಲೆ ಚೆನ್ನಾಗಿ ಬೈದು ಬಿಡೋಣ."

ಹೊತ್ತು ಹೋಗಲೊಲ್ಲದು. ಅತ್ತಿಗೆ ಬೆರಳು ಮುರಿದುಕೊಂಡರು, ಕಿಟಕಿ ನೋಡಿದರು, ಕೊನೆಗೆ ಕೇಳಿದರು: "ಅವರು ಕಳಿಸಿದ್ದನ್ನ ಒಂಚೂರು ತೋರಿಸ್ತೀಯಾ?"

ಸೂಜಿ ಸೀಸೆಯಿಂದ ಒಂದು ಇರುವೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಂದ ದಿನ ಅಷ್ಟೂ ಮಾಡಿರಲಿಲ್ಲ. ಅದೇ ಕೆಂಪು, ಅದೇ ಉದ್ದದ ಕಾಲು, ಮತ್ತೇನು ನೋಡುವುದು ಎಂದು ಬರಿಗಣ್ಣಲ್ಲೇ ಹೆಸರು ಬರೆದಿದ್ದಳು. "ದವಡೆ ಕೆಳಗೆ ನೋಡಿ ಅತ್ತಿಗೆ, ಉದ್ದುದ್ದ ಕೂದಲಿರುತ್ತೆ. ಗೂಡು ತೋಡುವಾಗ ಅದರಲ್ಲೇ ಮರಳು ಹೊತ್ತು ಹಾಕೋದು. ಅದಕ್ಕೇ ಗಡ್ಡದಿರುವೆ."

ಅತ್ತಿಗೆ ಬಗ್ಗಿ ತುಂಬ ಹೊತ್ತು ನೋಡಿದರು. "ಎಲ್ಲೇ ಗಡ್ಡ? ಇದು ನುಣ್ಣಗೆ ಬೋಳಾಗಿದೆಯಲ್ಲ."

"ಸರಿಯಾಗಿ ನೋಡಿ."

"ನೀನೇ ನೋಡು."

ಸೂಜಿ ನೋಡಿದಳು. ಒಂದು ಕೂದಲೂ ಇರಲಿಲ್ಲ. ಇನ್ನೊಂದನ್ನು ಇಟ್ಟಳು, ಮತ್ತೊಂದನ್ನು ಇಟ್ಟಳು, ಎಲ್ಲವೂ ಬೋಳು. ಮರಳು ಹೊರುವ ಕೆಲಸವೇ ಇಲ್ಲದ ಇರುವೆ. ಗಟ್ಟಿ ನೆಲದ ಬೇರೆಯೇ ಜಾತಿ, ಯಾವ ಪಟ್ಟಿಯಲ್ಲೂ ಇಲ್ಲದ್ದು. ಎದ್ದು ಕಪಾಟು ತೆರೆದು ಹಳೆಯ ಸೀಸೆಗಳನ್ನು ಒಂದೊಂದಾಗಿ ಇಳಿಸಿದಳು. ಹನ್ನೆರಡು ವರ್ಷದಲ್ಲಿ ಅಣ್ಣ ಉತ್ತರದ್ದೆಂದು ಕಳಿಸಿದ್ದು, ಅವಳು ದಕ್ಷಿಣದ್ದೆಂದು ತಿದ್ದಿದ್ದು ಐದು ಸೀಸೆ. ಐದರಲ್ಲೂ ಒಂದಕ್ಕೂ ಗಡ್ಡವಿರಲಿಲ್ಲ.

ಅಧಿಕಾರಿಯ ನಂಬರು ಒತ್ತಿದಳು. "ಸರ್, ಗಾಡಿ ತಿರುಗಿಸಿ. ಅವನು ಉತ್ತರದಲ್ಲಿದ್ದಾನೆ. ಚೀಟಿ... ಚೀಟಿ ನಾನು ತಿದ್ದಿದ್ದೆ." ಅತ್ತಿಗೆ ಸ್ಟೂಲಿನಿಂದ ಎದ್ದು ನಿಂತರು.

ಆ ಕಡೆ ಗಾಳಿಯ ಸದ್ದು. "ಏನ್ ಹೇಳ್ತಿದೀರಾ ಮೇಡಂ? ಇಲ್ಲಿಂದ ಅಲ್ಲಿಗೆ ಹೋಗೋಕೆ ನಾಳೆ ಮಧ್ಯಾಹ್ನ ಆಗುತ್ತೆ. ಆ ಬಯಲು ಏನು ಚಿಕ್ಕದಾ? ಒಂದು ದಾರಿ, ಒಂದು ಗುರುತು ಹೇಳಿ. ನಿಮ್ಮ ನಕ್ಷೇಲಿ ಆ ಕಡೆ ಒಂದು ಚುಕ್ಕೆನೂ ಇಲ್ವಲ್ರೀ!"

ಗುರುತು ಆರು ಚೀಟಿಗಳಲ್ಲಿತ್ತು. ಅಣ್ಣ ಪ್ರತಿ ಸಲವೂ ದಾರಿ ಬರೆದಿದ್ದ. ಅವಳು ಪ್ರತಿ ಸಲವೂ ಮೊದಲ ಸಾಲಿಗೇ ಮೂಗು ಮುರಿದು ಬುಟ್ಟಿಗೆ ಹಾಕಿದ್ದಳು. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಒಂದು ಅಕ್ಷರವೂ ಬರಲಿಲ್ಲ. ಬುಧವಾರದ ಬುಟ್ಟಿ ಗುರುವಾರವೇ ಖಾಲಿಯಾಗಿತ್ತು.

"ನೀನು ತಿದ್ತೀಯ ಅಂತ ಅವರಿಗೆ ಗೊತ್ತಿತ್ತು," ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಸೂಜಿಗೆ ಅದಕ್ಕೇ ಹೆದರಿಕೆಯಾಯಿತು. "ಏನು ತಿದ್ತೀಯ ಅಂತ ನನಗೆ ಹೇಳಲಿಲ್ಲ, ಆದ್ರೂ ನಾನು ಜಗಳ ಆಡೋಕೆ ಹೊರಟಿದ್ದೆ. ಅವರೇ ಬೇಡ ಅಂದ್ರು. ಈ ಸಲ ಇನ್ನೂ ಒಳಗೆ ಹೋಗಿ ಗೂಡನ್ನೇ ಅಗೆದು ತರ್ತೀನಿ, ಆಗ ನನ್ನ ತಂಗಿ ಏನಂತ ತಿದ್ತಾಳೋ ನೋಡೋಣ ಅಂತ ನಗ್ತಾ ಹೋದ್ರು."

"ಅತ್ತಿಗೆ..."

"ಹಲೋ? ಮೇಡಂ? ಗುರುತು ಹೇಳಿ," ಎಂದು ಅಧಿಕಾರಿ ಕೂಗುತ್ತಿದ್ದರು.

ಸೂಜಿ ಬಗ್ಗಿ ಮೇಜಿನ ಕೆಳಗಿನ ಖಾಲಿ ಬುಟ್ಟಿಯನ್ನು ಎಳೆದು ನೋಡಿದಳು. ಅತ್ತಿಗೆ ಅವಳ ಕೈಯಿಂದ ಫೋನು ತೆಗೆದುಕೊಂಡರು.

"ನಾನು ಅವರ ಹೆಂಡತಿ ಮಾತಾಡ್ತಿರೋದು," ಎಂದರು. "ಇಲ್ಲಿ ಹೇಳೋಕೆ ಏನೂ ಉಳಿದಿಲ್ಲ ಸರ್. ನೀವು ಉತ್ತರಕ್ಕೆ ಹೊರಡಿ."